ನೆಲ ಕೊಳ್ಳುವ ಮುನ್ನ ಪುಸ್ತಕ ಓದುವವರಿಗೆ



ಸೈಟು, ಜಮೀನು, ಮನೆಗಳ ಮೇಲೆ ಹಣ ಹೂಡಿ ಸಿರಿವಂತರಾಗುವ ದಾರಿ ಹೇಳಿಕೊಡುವ ಪುಸ್ತಕಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ದೊಡ್ಡ ಊರುಗಳ ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುತ್ತಾರೆ. ಇಂಗ್ಲಿಷಿನಲ್ಲಿದ್ದವು ಕನ್ನಡಕ್ಕೂ ತೆಲುಗಿಗೂ ಬಂದಿವೆ. ಆಂಧ್ರದ ಗಡಿ ಕಡೆಯ ಹಿಂದೂಪುರದಲ್ಲಿ, ಕಲ್ಯಾಣದುರ್ಗದಲ್ಲಿ ಇವನ್ನು ಓದಿದವರು, ಓದಿದವರ ಬಾಯಿಂದ ಕೇಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿದವನು. ಇಂಥ ಪುಸ್ತಕ ಓದಿದವರು ಯಾವ ಕಾಗದ ಹಿಡಿದು ಬರುತ್ತಾರೆ, ಯಾವುದನ್ನು ಕೇಳದೆಯೇ ದುಡ್ಡು ಕೊಟ್ಟಿರುತ್ತಾರೆ ಎಂಬುದನ್ನು ಮೇಜಿನ ಈಚೆ ಕೂತು ನೋಡಿದ್ದೇನೆ. ಈ ಪುಸ್ತಕಗಳಿಗೆ ಬೆಲೆ ಕಟ್ಟುವುದು ಹೇಗೆ ಎಂದು ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದವನನ್ನು ಹೊಲದ ಬದುವಿಗೂ ಸಬ್ ರಿಜಿಸ್ಟ್ರಾರ್ ಕಚೇರಿಗೂ ಕಳಿಸುವ ಪುಸ್ತಕಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಆತುರ ಹುಟ್ಟಿಸುವ ಪುಸ್ತಕ ಎಷ್ಟು ಲಕ್ಷ ಪ್ರತಿ ಮಾರಾಟವಾಗಿದ್ದರೂ ನಮ್ಮ ಕಡೆಯವರಿಗೆ ಅಪಾಯ.

ನಮ್ಮ ಕಡೆಯವರಿಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯಿಂದ ಹಿಡಿದು 2020ರವರೆಗೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 79ಎ, 79ಬಿ ಎಂಬ ಆ ಕಲಂಗಳ ಹೆಸರು ಕೇಳದ ಬೆಂಗಳೂರಿನ ದಲ್ಲಾಳಿಯಿಲ್ಲ. ಆಂಧ್ರದಲ್ಲಿ ಅಂಥ ತಡೆ ಇರಲಿಲ್ಲ. ಬೆಂಗಳೂರಿನಿಂದ ಹಿಂದೂಪುರಕ್ಕೆ ಹೆಚ್ಚುಕಡಿಮೆ ನೂರು ಕಿಲೋಮೀಟರು. ಗೌರಿಬಿದನೂರು ದಾಟಿದರೆ ಗಡಿ, ಗಡಿ ದಾಟಿದರೆ ಹಿಂದೂಪುರ. ಊರಿನಲ್ಲಿ ಕನ್ನಡ ನಡೆಯುತ್ತದೆ, ಮಡಕಶಿರ, ಅಮರಾಪುರ, ರೊಳ್ಳದ ಕಡೆಗೆ ಹೋದರೆ ಮನೆಮಾತೇ ಕನ್ನಡ. ಬೆಲೆ ಅಗ್ಗ. ಹೀಗಾಗಿ ಬೆಂಗಳೂರಿನ ನೌಕರಸ್ಥರು, ತುಮಕೂರಿನ ವ್ಯಾಪಾರಿಗಳು, ಚಳ್ಳಕೆರೆ ಕಡೆಯ ಮಂಡಿಯವರು ಎಲ್ಲರೂ ಇತ್ತ ಕಣ್ಣು ಹಾಕಿದರು. ಕಲ್ಯಾಣದುರ್ಗದ ಸುತ್ತ, ಅಂದರೆ ಕುಂದುರ್ಪಿ, ಬ್ರಹ್ಮಸಮುದ್ರ, ಶೆಟ್ಟೂರು ಕಡೆ, ನೆಲ ಇನ್ನೂ ಅಗ್ಗ. ವರ್ಷಕ್ಕೆ ಐನೂರೈವತ್ತು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ಅದು. ಶೇಂಗಾ ಕೈಕೊಟ್ಟ ವರ್ಷ ಬಡ್ಡಿ ಕಟ್ಟಲಾರದೆ ಎರಡು ಎಕರೆ ಮಾರುವ ರೈತ ಒಂದು ಕಡೆ. ಪುಸ್ತಕ ಓದಿ ಆ ಎರಡು ಎಕರೆಯಲ್ಲಿ ಮಕ್ಕಳ ಭವಿಷ್ಯ ಕಾಣುವ ನೌಕರ ಇನ್ನೊಂದು ಕಡೆ. ಇಬ್ಬರ ಪಾಲಿಗೂ ಅದು ಜೀವಮಾನದ ದೊಡ್ಡ ವ್ಯವಹಾರ. ಅದರಲ್ಲಿ ತಪ್ಪಾದರೆ ಸರಿಪಡಿಸಿಕೊಳ್ಳುವಷ್ಟು ಆಯುಸ್ಸೂ ಹಣವೂ ಇಬ್ಬರಲ್ಲೂ ಉಳಿದಿರುವುದಿಲ್ಲ.

ರಿಸರ್ವ್ ಬ್ಯಾಂಕ್ ನೇಮಿಸಿದ್ದ ಕುಟುಂಬ ಹಣಕಾಸು ಸಮಿತಿ 2017ರಲ್ಲಿ ವರದಿ ಕೊಟ್ಟಿತು. ಸರಾಸರಿ ಭಾರತೀಯ ಕುಟುಂಬದ ಆಸ್ತಿಯಲ್ಲಿ ಶೇಕಡಾ 77ರಷ್ಟು ನೆಲ, ಮನೆಗಳಲ್ಲೇ ಇದೆ, ಶೇಕಡಾ 11 ಚಿನ್ನದಲ್ಲಿದೆ, ಬ್ಯಾಂಕ್ ಠೇವಣಿ, ವಿಮೆ, ಷೇರು ಎಲ್ಲ ಸೇರಿ ಶೇಕಡಾ 5 ಎಂದು ಅದರಲ್ಲಿದೆ. ಅಂದರೆ ನೆಲದ ಮೇಲೆ ಹಣ ಹಾಕಿ ಎಂದು ನಮ್ಮ ಜನರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಬೇಕಾದದ್ದು ಯಾವ ನೆಲ, ಯಾರಿಂದ, ಯಾವ ಕಾಗದ ನೋಡಿ ಎಂಬ ಬುದ್ಧಿಮಾತು. ಜನಪ್ರಿಯ ಪುಸ್ತಕಗಳು ಮೊದಲನೆಯದನ್ನು ಇನ್ನೂರು ಪುಟ ಹೇಳುತ್ತವೆ. ಎರಡನೆಯದಕ್ಕೆ ಬಂದಾಗ ವಕೀಲರನ್ನು ಕೇಳಿ ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತವೆ.

ಈ ಪುಸ್ತಕಗಳೆಲ್ಲ ಒಂದೇ ಜಾತಿಯವಲ್ಲ. ಅಮೆರಿಕದ ವಿಲಿಯಂ ನಿಕರ್ಸನ್ 1959ರಲ್ಲಿ ಒಂದು ಪುಸ್ತಕ ಬರೆದ. ಬಿಡುವಿನ ವೇಳೆಯಲ್ಲಿ ಸಾವಿರ ಡಾಲರನ್ನು ಹತ್ತು ಲಕ್ಷ ಮಾಡಿದ ಕತೆ. ತಲೆಬರಹ ಆಸೆ ಹುಟ್ಟಿಸುವಂಥದ್ದೇ, ಆದರೆ ಒಳಗಿರುವುದು ದುಡಿಮೆ. ಪಾಳು ಬಿದ್ದ ಬಾಡಿಗೆ ಮನೆ ಕೊಳ್ಳು, ಸೂರು ಸರಿಮಾಡು, ಬಣ್ಣ ಬಳಿ, ಒಳ್ಳೆಯ ಬಾಡಿಗೆದಾರನನ್ನು ಹಿಡಿ, ಬಾಡಿಗೆ ಹೆಚ್ಚಾದ ಮೇಲೆ ಆ ಬಾಡಿಗೆಯ ಬಲದಿಂದ ಬೆಲೆ ಹೆಚ್ಚಿಸಿಕೋ ಎನ್ನುತ್ತಾನೆ. ದೇಶ, ಕಾಲ ಬೇರೆಯಾದರೂ ಈ ಮಾತು ಹಿಂದೂಪುರದಲ್ಲಿ ನಿಲ್ಲುತ್ತದೆ. ತೂಮುಕುಂಟ, ಗೊಲ್ಲಾಪುರದ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬರುವವರಿಗೆ ನೀರು, ಶೌಚಾಲಯ ಸರಿಯಿರುವ ಬಾಡಿಗೆ ಮನೆ ಬೇಕೇ ಬೇಕು. ಹಳೆಯ ಮನೆ ಕೊಂಡು ದುರಸ್ತಿ ಮಾಡಿ ಬಾಡಿಗೆಗೆ ಬಿಟ್ಟವನ ಲಾಭ ಚಿಕ್ಕದು, ಆದರೆ ತಿಂಗಳಿಗೊಮ್ಮೆ ಕೈಗೆ ಬರುತ್ತದೆ.

1980ರಲ್ಲಿ ರಾಬರ್ಟ್ ಆಲನ್ ಬರೆದ ಪುಸ್ತಕದ ಧಾಟಿ ಬೇರೆ. ಕೈಯಿಂದ ಮುಂಗಡ ಹಾಕದೆಯೇ ಆಸ್ತಿ ಕೊಳ್ಳಬಹುದು ಎಂಬುದು ಅದರ ತಿರುಳು. ಅಲ್ಲಿಂದ ಮುಂದೆ ಇದೇ ಮಾತನ್ನು ನೂರಾರು ಜನ ಬೇರೆ ಬೇರೆ ಹೆಸರಿನಲ್ಲಿ ಬರೆದರು. ನಮ್ಮಲ್ಲಿ ಇದು ನಡೆಯುವುದೇ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲದಲ್ಲೂ ಬ್ಯಾಂಕು ಹೆಚ್ಚೆಂದರೆ ಬೆಲೆಯ ಶೇಕಡಾ 90 ಕೊಡಬಹುದು, ಸಾಲದ ಮೊತ್ತ ಏರಿದಂತೆ ಅದು 80ಕ್ಕೆ, 75ಕ್ಕೆ ಇಳಿಯುತ್ತದೆ. ಸ್ಟಾಂಪು, ನೋಂದಣಿ ಖರ್ಚನ್ನು ಸಾಮಾನ್ಯವಾಗಿ ಆ ಬೆಲೆಗೆ ಸೇರಿಸುವಂತಿಲ್ಲ. ಆಂಧ್ರದಲ್ಲಿ ಸ್ಟಾಂಪು ಶುಲ್ಕ 5, ವರ್ಗಾವಣೆ ಶುಲ್ಕ ಒಂದೂವರೆ, ನೋಂದಣಿ 1, ಒಟ್ಟು ಶೇಕಡಾ ಏಳೂವರೆ ಕೈಯಿಂದಲೇ ಹೋಗಬೇಕು. ಖಾಲಿ ಸೈಟಿಗೆ ಸಾಲ ಸಿಗಬೇಕಾದರೆ ಅದು ಮಂಜೂರಾದ ಲೇಔಟಿನದಾಗಿರಬೇಕು. ಹಾಗಿದ್ದೂ ಮುಂಗಡವಿಲ್ಲದೆ ಕೊಳ್ಳಲು ಹೊರಟವನು ಕೊನೆಗೆ ಕೈಸಾಲಕ್ಕೆ ಇಳಿಯುತ್ತಾನೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ 24. ಅಷ್ಟು ವೇಗದಲ್ಲಿ ವರ್ಷ ವರ್ಷವೂ ಏರುವ ಸೈಟನ್ನು ನಾನಂತೂ ಕಂಡಿಲ್ಲ.

ಇನ್ನು ರಾಬರ್ಟ್ ಕಿಯೋಸಾಕಿಯ 'ರಿಚ್ ಡ್ಯಾಡ್ ಪೂರ್ ಡ್ಯಾಡ್'. 1997ರಲ್ಲಿ ಬಂದದ್ದು, ಜಗತ್ತಿನಾದ್ಯಂತ ಓದಿಸಿಕೊಂಡದ್ದು. ಜೇಬಿಗೆ ಹಣ ತರುವುದು ಆಸ್ತಿ, ಜೇಬಿನಿಂದ ಹಣ ಎಳೆಯುವುದು ಹೊರೆ ಎಂಬುದು ಅದರ ಒಟ್ಟು ತಾತ್ಪರ್ಯ. ಈ ಮಾತು ಒಳ್ಳೆಯದು, ಮನೆಮಂದಿಗೆಲ್ಲ ಹೇಳಬೇಕಾದದ್ದು. ಆದರೆ ಇದೇ ಪುಸ್ತಕದ ಹೆಸರು ಹೇಳಿ ನಮ್ಮಲ್ಲಿ ಮಾರುವುದು ಏನನ್ನು? ಖಾಲಿ ಸೈಟನ್ನು. ಖಾಲಿ ಸೈಟು ಬಾಡಿಗೆ ತರುವುದಿಲ್ಲ, ಬೆಳೆ ತರುವುದಿಲ್ಲ. ಜಾಲಿ ಕಡಿಸಲು, ಕಲ್ಲು ನೆಡಿಸಲು, ಒತ್ತುವರಿ ತಡೆಯಲು ದುಡ್ಡು ಬೇಡುತ್ತದೆ. ಪುಸ್ತಕದ ತಕ್ಕಡಿಯಲ್ಲೇ ತೂಗಿದರೆ ಅದು ಹೊರೆ. ಪುಸ್ತಕವನ್ನು ಪೂರ್ತಿ ಓದಿ ಅದರ ಮಾತನ್ನೇ ನಂಬುವವನು ಪುಸ್ತಕದ ಹೆಸರಿನಲ್ಲಿ ಸೈಟು ಮಾರುವವನನ್ನು ಬಾಗಿಲಿನಿಂದಲೇ ವಾಪಸು ಕಳಿಸಬೇಕಾಗುತ್ತದೆ.

ಜಾನ್ ಟಿ. ರೀಡ್ ಎಂಬ ಅಮೆರಿಕದ ಲೇಖಕ ಬಹಳ ವರ್ಷ ಇಂಥ ಸಲಹೆಗಾರರನ್ನೇ ಒಬ್ಬೊಬ್ಬರನ್ನಾಗಿ ಪರಿಶೀಲಿಸಿ, ಯಾರ ಮಾತು ನಂಬಬಹುದು, ಯಾರದ್ದು ಆಗದು ಎಂದು ಬರೆಯುತ್ತ ಬಂದವನು. ಕಿಯೋಸಾಕಿಯ ಪುಸ್ತಕವನ್ನು ಕಟುವಾಗಿ ಟೀಕಿಸಿದವರಲ್ಲಿ ಅವನು ಮುಖ್ಯ. ಹೇಳುವವನು ನಿಜವಾಗಿ ಆಸ್ತಿ ವ್ಯವಹಾರದಲ್ಲಿ ಗಳಿಸಿದನೇ, ಅಥವಾ ಆಸ್ತಿಯ ಬಗ್ಗೆ ಭಾಷಣ ಮಾಡಿ ಗಳಿಸಿದನೇ ಎಂದು ವಿಚಾರಿಸುವುದನ್ನು ನಾವೂ ಕಲಿಯಬೇಕು. 2012ರಲ್ಲಿ ಕಿಯೋಸಾಕಿಯ ಒಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದು ತೀರಿಸಬೇಕಾಗಿದ್ದ ಎರಡು ಕೋಟಿ ಡಾಲರಿಗೂ ಮೀರಿದ ಬಾಕಿ ಉಪನ್ಯಾಸ, ಕಾರ್ಯಾಗಾರಗಳ ಪಾಲುದಾರಿಕೆಯಿಂದ ಹುಟ್ಟಿದ್ದು. ಡೊನಾಲ್ಡ್ ಟ್ರಂಪ್ ಹೆಸರಿನಲ್ಲಿ ರಿಯಲ್ ಎಸ್ಟೇಟ್ ಪಾಠ ಹೇಳಿದ 'ಟ್ರಂಪ್ ಯೂನಿವರ್ಸಿಟಿ'ಯ ಮೇಲೆ ವಿದ್ಯಾರ್ಥಿಗಳು ಹೂಡಿದ ಮೊಕದ್ದಮೆಗಳು 2016ರಲ್ಲಿ ಎರಡೂವರೆ ಕೋಟಿ ಡಾಲರಿಗೆ ರಾಜಿಯಾದವು. ಪುಸ್ತಕ ಮುನ್ನೂರು ರೂಪಾಯಿಗೆ ಸಿಗುತ್ತದೆ. ಅದರ ಕೊನೆಯ ಪುಟ ಕರೆದೊಯ್ಯುವ ಶಿಬಿರಕ್ಕೆ ಸಾವಿರಗಟ್ಟಲೆ ಬೇಕು. ಶಿಬಿರದ ಕೊನೆಯಲ್ಲಿ ಇಂದೇ ಮುಂಗಡ ಕೊಟ್ಟರೆ ರಿಯಾಯಿತಿ ಎಂದು ಒಂದು ಲೇಔಟಿನ ನಕ್ಷೆ ಬಿಡಿಸುತ್ತಾರೆ. ಈ ಮೂರನ್ನೂ ಒಬ್ಬನೇ ಮಾಡುತ್ತಿದ್ದರೆ ಆ ಪುಸ್ತಕವನ್ನು ಜಾಹೀರಾತು ಎಂದು ಓದಿ.

ಬ್ಯಾಂಕಿಗೆ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರನ್ನು ಇಲ್ಲಿ ನೆನೆಯುತ್ತೇನೆ. ಮಡಕಶಿರ ಕಡೆಯವರು, ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದವರು. ನಿವೃತ್ತಿಯ ಹಣದಲ್ಲಿ ದೊಡ್ಡ ಪಾಲನ್ನು ಒಂದು ವೆಂಚರಿನ ಸೈಟಿಗೆ ಕೊಟ್ಟಿದ್ದರು. ಬಾಕಿಗೆ ಸಾಲ ಕೇಳಲು ಬಂದರು. ಚೀಲದಲ್ಲಿ ಅಗ್ರಿಮೆಂಟು, ಜಿಪಿಎ ಎಂಬ ಅಧಿಕಾರ ಪತ್ರ, ಬಣ್ಣದ ನಕ್ಷೆ, ಜೊತೆಗೆ ಒಂದು ಪುಸ್ತಕ. ಪುಸ್ತಕದ ತುಂಬ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು, ಶಾಲೆಯಲ್ಲಿ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದ ಹಾಗೆಯೇ. ತಡ ಮಾಡಿದವನು ನಷ್ಟಪಡುತ್ತಾನೆ ಎಂಬ ಅರ್ಥದ ಮಾತುಗಳ ಕೆಳಗೆ ಎರಡೆರಡು ಗೆರೆ. ನಾನು ಸರ್ವೆ ನಂಬರು ತೆಗೆದು ನೋಡಿದೆ. ಆ ನಂಬರಿನ ಒಂದು ಭಾಗ ಬಡವರಿಗೆ ಸರ್ಕಾರ ಹಂಚಿದ್ದ ಡಿಕೆಟಿ ಜಮೀನು, ನೋಂದಣಿ ನಿಷೇಧದ 22-ಎ ಪಟ್ಟಿಯಲ್ಲಿತ್ತು. ಲೇಔಟಿಗೆ ನಗರ ಯೋಜನಾ ಇಲಾಖೆಯ ಮಂಜೂರಾತಿ ಇರಲಿಲ್ಲ.

"ಮೇಷ್ಟ್ರೇ, ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೀವು ಇನ್ನು ಒಂದು ರೂಪಾಯಿಯನ್ನೂ ಕೊಡಬೇಡಿ" ಎಂದೆ.

ಅವರು ಬಹಳ ಹೊತ್ತು ಪುಸ್ತಕದ ಹಾಳೆ ತಿರುವಿದರು. "ಸಾರ್, ಇದರಲ್ಲಿ ಇ.ಸಿ. ಅನ್ನೋದೇ ಎಲ್ಲೂ ಬರಲ್ಲವಲ್ಲ" ಎಂದರು. ಇ.ಸಿ. ಎಂದರೆ ಆಸ್ತಿಯ ಋಣಭಾರ ಪತ್ರ.

ಕೊಟ್ಟ ಹಣದಲ್ಲಿ ಒಂದು ಭಾಗ ಮಾತ್ರ ಅವರಿಗೆ ವಾಪಸು ಬಂತು. ಅವರು ಓದಿದ್ದು ಅಮೆರಿಕದ ಅನುಭವದ ಮೇಲೆ ಬರೆದ ಪುಸ್ತಕ. ಅಲ್ಲಿ ಕೊಳ್ಳುವವನ ಹಕ್ಕಿಗೆ ವಿಮೆ ಕಂಪನಿ ಜಾಮೀನು ನಿಲ್ಲುತ್ತದೆ. ಹಣ ಮಾರುವವನ ಕೈಗೆ ನೇರವಾಗಿ ಹೋಗದೆ ಮೂರನೆಯವರ ಬಳಿ ಇದ್ದು, ಕಾಗದ ಸರಿಯಾದ ಮೇಲೆ ಕೈ ಬದಲಾಗುತ್ತದೆ. ಮೂವತ್ತು ವರ್ಷ ಬಡ್ಡಿ ಬದಲಾಗದ ಸಾಲ ಸಿಗುತ್ತದೆ. ಈ ಮೂರೂ ಇರುವ ಊರಿನಲ್ಲಿ ಕೂತು ಬರೆದವನಿಗೆ ಬೇಗ ನಿರ್ಧರಿಸು ಎನ್ನುವುದು ಸುಲಭ. ಕಲ್ಯಾಣದುರ್ಗದಲ್ಲಿ ಬೇಗ ನಿರ್ಧರಿಸಿದವನಿಗೆ ಜಾಮೀನು ನಿಲ್ಲುವವರು ಯಾರೂ ಇಲ್ಲ.

ನಮ್ಮ ಸೀಮೆಯ ನೆಲದ ಕಾಗದಕ್ಕೆ ತನ್ನದೇ ಚರಿತ್ರೆಯಿದೆ. 1800ರಲ್ಲಿ ನಿಜಾಮ ಈ ಜಿಲ್ಲೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು, ಹೊಲ ಹೊಲವನ್ನೂ ಅಳೆಸಿ, ರೈತನ ಹೆಸರಿನಲ್ಲೇ ಕಂದಾಯ ನಿಗದಿ ಮಾಡಿಸಿದ. ರೈತವಾರಿ ಪದ್ಧತಿಯ ಒಂದು ಬೇರು ಇಲ್ಲಿದೆ. ಗಡಿಯಾಚೆಯ ಪಾವಗಡ, ಗೌರಿಬಿದನೂರು ಮೈಸೂರು ಸಂಸ್ಥಾನದ ದಾಖಲೆಯಲ್ಲಿದ್ದವು. ಆದ್ದರಿಂದ ಪಹಣಿ, ಖಾತೆ, ಇ-ಸ್ವತ್ತು ಎಂದು ವಿವರಿಸುವ ಬೆಂಗಳೂರಿನ ಕನ್ನಡ ಪುಸ್ತಕ ಒಳ್ಳೆಯದೇ ಆಗಿದ್ದರೂ ಇಲ್ಲಿಗೆ ಅರ್ಧ ಮಾತ್ರ ಉಪಯೋಗ. ಇಲ್ಲಿ ಕೇಳಬೇಕಾದದ್ದು ಅಡಂಗಲ್, 1-ಬಿ, ಎಫ್‌ಎಂಬಿ ನಕ್ಷೆ, ಪಟ್ಟಾದಾರ್ ಪಾಸ್‌ಬುಕ್ಕು. ಅಲ್ಲಿ ಎಕರೆಗೆ ನಲವತ್ತು ಗುಂಟೆ, ಇಲ್ಲಿ ಎಕರೆಗೆ ನೂರು ಸೆಂಟು. ಕಾಗದಗಳೆಲ್ಲ ತೆಲುಗಿನಲ್ಲಿರುತ್ತವೆ. ಕನ್ನಡ ಮಾತ್ರ ಬಲ್ಲವರು ಮಾರುವವನ ಕಡೆಯವರಿಂದ ಓದಿಸಿಕೊಳ್ಳದೆ, ತಮ್ಮವರೊಬ್ಬರಿಂದ ಚೆಕ್ಕುಬಂದಿಯ ಸಾಲುಗಳನ್ನು ಒಂದೊಂದಾಗಿ ಓದಿಸಿ, ಹೊಲದಲ್ಲಿ ನಿಂತು ನಾಲ್ಕೂ ದಿಕ್ಕು ತಾಳೆ ನೋಡಬೇಕು.

ಡಿಕೆಟಿ ಎಂದರೆ ದರಖಾಸ್ತು ಪಟ್ಟಾ. ಭೂಹೀನರಿಗೆ ಸರ್ಕಾರ ಕೊಟ್ಟ ಇಂಥ ಜಮೀನನ್ನು ಮಾರುವಂತಿಲ್ಲ ಎಂದು 1977ರ ಕಾಯಿದೆ ಹೇಳಿತು. ಕೊಂಡವನಿಂದ ಸರ್ಕಾರ ಹಿಂದಕ್ಕೆ ಪಡೆಯಬಹುದು. 2023ರಲ್ಲಿ ತಿದ್ದುಪಡಿಯಾಗಿ, ಹಂಚಿಕೆಯಾಗಿ 20 ವರ್ಷ ದಾಟಿದ ಜಮೀನನ್ನು ಷರತ್ತಿನ ಮೇಲೆ ಮಾರಲು ದಾರಿಯಾಯಿತು. ಮರುವರ್ಷ ಬಂದ ಹೊಸ ಸರ್ಕಾರ ಅಂಥ ನೋಂದಣಿಗಳನ್ನು ತಡೆಹಿಡಿದು ಪರಿಶೀಲನೆಗೆ ಹೊರಟಿತು. ಹಾಗೆಯೇ ಚುಕ್ಕೆ ಭೂಮಿ. ಹಳೆಯ ರೀಸೆಟ್ಲ್‌ಮೆಂಟ್ ರಿಜಿಸ್ಟರಿನಲ್ಲಿ ಪಟ್ಟಾದಾರನ ಹೆಸರಿರಬೇಕಾದ ಕಡೆ ಬರೀ ಚುಕ್ಕೆ ಇಟ್ಟ ನೆಲ ಅದು. ತಲೆಮಾರುಗಳಿಂದ ಉಳುತ್ತ ಬಂದವರಿಗೂ ಅದರಿಂದ ತೊಂದರೆಯಾಯಿತು, ಅದಕ್ಕೆಂದೇ 2017ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ಭೂಮಿಯ ಹಕ್ಕಿಗೆ ಸರ್ಕಾರವೇ ಖಾತ್ರಿ ಕೊಡುತ್ತದೆಂದು ತಂದ ಲ್ಯಾಂಡ್ ಟೈಟ್ಲಿಂಗ್ ಕಾಯಿದೆ 2023ರಲ್ಲಿ ಜಾರಿಗೆ ಬಂದು 2024ರಲ್ಲಿ ರದ್ದಾಯಿತು. ಪುಸ್ತಕ ಕೈಗೆತ್ತಿಕೊಂಡಾಗ ಅಚ್ಚಾದ ವರ್ಷವನ್ನು ಮೊದಲು ನೋಡಿ ಎನ್ನುವುದು ಇದಕ್ಕೆ. ಎಂಟು ವರ್ಷ ಹಳೆಯ ಪುಸ್ತಕ ಕಾನೂನಿನ ವಿಷಯದಲ್ಲಿ ತಪ್ಪು ದಾರಿ ತೋರಿಸಬಹುದು.

ಇ.ಸಿ. ತೆಗೆಸುವುದು ಈಗ ಸುಲಭ. ಆಂಧ್ರದಲ್ಲಿ 1983ರಿಂದ ಈಚಿನದು ಕಂಪ್ಯೂಟರಿನಲ್ಲೇ ಸಿಗುತ್ತದೆ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಭಾಗ, ನೋಂದಣಿಯಾಗದ ವಿಲ್ಲು, ಕೋರ್ಟಿನಲ್ಲಿರುವ ದಾವೆ ಇವು ಕಾಣುವುದಿಲ್ಲ. ಹೆಣ್ಣುಮಕ್ಕಳ ಹಕ್ಕೂ ಕಾಣುವುದಿಲ್ಲ. ಇಲ್ಲಿ ಹಿಂದೂಪುರಕ್ಕೆ ಸಂಬಂಧಪಟ್ಟ ಒಂದು ಸಂಗತಿಯಿದೆ. 1985ರಲ್ಲಿ ಎನ್.ಟಿ. ರಾಮರಾವ್ ಹಿಂದೂಪುರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದಾಗ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಡುವ ತಿದ್ದುಪಡಿ ತಂದರು. ಆ ವರ್ಷದ ಸೆಪ್ಟೆಂಬರ್ 5ರಿಂದ ಅದು ಅನ್ವಯ, ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಮಾತ್ರ ಆಗ ಸಿಗಲಿಲ್ಲ. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಇದೇ ದಾರಿಗೆ ಬಂತು. ಮಾರುವವರು ಅಣ್ಣತಮ್ಮಂದಿರು ಮೂವರೇ ಸಹಿ ಹಾಕುತ್ತೇವೆ ಎಂದರೆ, ಅಕ್ಕತಂಗಿಯರು ಎಲ್ಲಿದ್ದಾರೆ, ಅವರ ಒಪ್ಪಿಗೆ ಎಲ್ಲಿ ಎಂದು ಕೇಳಲೇಬೇಕು. ಆ ಸಹಿ ನಿಮ್ಮ ಸುರಕ್ಷತೆಗೆ ಬೇಕು, ಆ ಹೆಣ್ಣುಮಗಳ ನ್ಯಾಯಕ್ಕೂ ಬೇಕು. ಬೇಗ ಮುಗಿಸುವ ಆಸೆಯಲ್ಲಿ ಒಬ್ಬ ತಂಗಿಯ ಪಾಲನ್ನು ನುಂಗಿಹಾಕುವ ವ್ಯವಹಾರಕ್ಕೆ ಕೈ ಹಾಕಬೇಡಿ. ಇಷ್ಟು ಸರಳವಾದ ಎಚ್ಚರಿಕೆ ಎಷ್ಟು ಪುಸ್ತಕಗಳಲ್ಲಿದೆ, ಹುಡುಕಿ ನೋಡಿ.

ಜಿಪಿಎ ಕತೆಯೂ ಹಾಗೆಯೇ. ಅಗ್ರಿಮೆಂಟು, ಜಿಪಿಎ, ವಿಲ್ಲು ಮೂರನ್ನೂ ಬರೆಸಿಕೊಂಡರೆ ಆಸ್ತಿ ನಮ್ಮದಾಯಿತು ಎಂಬ ನಂಬಿಕೆ ಊರೂರಲ್ಲಿ ಇದೆ. 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ, ನೋಂದಣಿಯಾದ ಕ್ರಯಪತ್ರವಿಲ್ಲದೆ ಒಡೆತನ ಬದಲಾಗುವುದಿಲ್ಲ ಎಂದು ಖಚಿತವಾಗಿ ಹೇಳಿತು. 2016ರ ರೇರಾ ಕಾಯಿದೆ ಬಂದ ಮೇಲೆ 500 ಚದರ ಮೀಟರಿಗಿಂತ ದೊಡ್ಡ ಲೇಔಟು ಮಾರಾಟಕ್ಕೆ ಮುನ್ನ ನೋಂದಣಿಯಾಗಬೇಕು. ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬೇಕಾದರೆ ಮೊದಲು ಅಗ್ರಿಮೆಂಟನ್ನು ನೋಂದಣಿ ಮಾಡಿಸಿಕೊಡಬೇಕು. ಮೇಷ್ಟ್ರು ಈ ಒಂದು ವಾಕ್ಯವನ್ನು ಎಲ್ಲಾದರೂ ಓದಿದ್ದರೆ ಸಾಕಿತ್ತು.

ಪುಸ್ತಕಗಳು ತಪ್ಪದೆ ಹೇಳುವ ಇನ್ನೊಂದು ಮಾತು, ದೊಡ್ಡ ಯೋಜನೆ ಬರುವ ಕಡೆ ಮೊದಲೇ ನೆಲ ಹಿಡಿಯಿರಿ ಎಂಬುದು. ಇದನ್ನು ಪರೀಕ್ಷೆ ಮಾಡಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಬೇಡ. 2017ರ ಏಪ್ರಿಲಿನಲ್ಲಿ ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆಗೆ ಒಪ್ಪಂದವಾಯಿತು, 2019ರಲ್ಲಿ ಕಾರು ಹೊರಬಂತು. ಅಲ್ಲಿ ಮೊದಲೇ ನೆಲ ಕೊಂಡವರ ಕತೆ ಎಲ್ಲರ ಬಾಯಲ್ಲೂ ಇದೆ. ಅದೇ ಹಿಂದೂಪುರದ ಇನ್ನೊಂದು ಮಗ್ಗುಲಲ್ಲಿ, ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ, ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ಲೇಪಾಕ್ಷಿ ನಾಲೆಜ್ ಹಬ್ ಎಂಬ ಯೋಜನೆಗೆ 8,800 ಎಕರೆಗೂ ಹೆಚ್ಚು ನೆಲ ಗೊತ್ತಾಯಿತು. ಕಂಪನಿಗಳು ಬರುತ್ತವೆ, ಲಕ್ಷ ಜನಕ್ಕೆ ಕೆಲಸ ಎಂದರು. ಆಮೇಲೆ ಬಂದದ್ದು ಬ್ಯಾಂಕುಗಳಲ್ಲಿ ಅಡವು, ಸಿಬಿಐ ತನಿಖೆ, ದಿವಾಳಿ ಪ್ರಕರಣ. ಪಾಲಸಮುದ್ರದ ಕಸ್ಟಮ್ಸ್ ಅಕಾಡೆಮಿಗೆ 2015ರಲ್ಲಿ ಅಡಿಗಲ್ಲು ಬಿತ್ತು, ಉದ್ಘಾಟನೆಯಾದದ್ದು 2024ರ ಜನವರಿಯಲ್ಲಿ. ತುಮಕೂರು–ರಾಯದುರ್ಗ ರೈಲು ಮಾರ್ಗ ಕಲ್ಯಾಣದುರ್ಗದ ಮೇಲೆ ಹಾಯುತ್ತದೆ. ಅದಕ್ಕೆ ಮಂಜೂರಾತಿ ಸಿಕ್ಕಿದ್ದು 2007-08ರಲ್ಲಿ, ತುಮಕೂರಿನ ತನಕ ಹಳಿ ಮುಗಿಯಲು ಹದಿನೈದು ವರ್ಷ ಸಾಲಲಿಲ್ಲ. ಹಿಂದೂಪುರವೇ ಜಿಲ್ಲಾ ಕೇಂದ್ರವಾಗುತ್ತದೆ ಎಂದು ನಂಬಿದವರು ಬಹಳ ಜನ, ಅದಕ್ಕಾಗಿ ಚಳವಳಿಯೂ ನಡೆಯಿತು. 2022ರ ಏಪ್ರಿಲ್ 4ರಂದು ಶ್ರೀ ಸತ್ಯಸಾಯಿ ಜಿಲ್ಲೆ ಹುಟ್ಟಿತು, ಕೇಂದ್ರ ಪುಟ್ಟಪರ್ತಿಯಾಯಿತು.

ಗೆದ್ದ ಪೆನುಕೊಂಡದ ಕತೆಯನ್ನು ಪುಸ್ತಕ ಹೇಳುತ್ತದೆ, ಚಿಲಮತ್ತೂರಿನದನ್ನು ಹೇಳುವುದಿಲ್ಲ. ಸೋತವನು ಪುಸ್ತಕ ಬರೆಯುವುದಿಲ್ಲವಾದ್ದರಿಂದ ಅವನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ ಲೇಖಕ ಸಿಕ್ಕರೆ ಅವನನ್ನು ನಂಬಿ. ರಾಬರ್ಟ್ ಷಿಲ್ಲರ್ ಎಂಬ ಅರ್ಥಶಾಸ್ತ್ರಜ್ಞ 2005ರಲ್ಲಿ ತನ್ನ ಪುಸ್ತಕದ ಎರಡನೆಯ ಆವೃತ್ತಿಗೆ 1890ರಿಂದ ಈಚಿನ ಅಮೆರಿಕದ ಮನೆಬೆಲೆಗಳ ಲೆಕ್ಕ ಸೇರಿಸಿದ. ಹಣದುಬ್ಬರ ಕಳೆದು ನೋಡಿದರೆ ನೂರು ವರ್ಷಗಳಷ್ಟು ಕಾಲ ಬೆಲೆ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಸಿರಿವಂತರಾಗುವ ದಾರಿ ಹೇಳುವ ಪುಸ್ತಕಗಳು ಬರೆಯಲ್ಪಟ್ಟ ನಾಡಿನ ಲೆಕ್ಕವೇ ಇದು.

ಲೆಕ್ಕ ಎಂದೆ. ಪುಸ್ತಕದಲ್ಲಿ ಲೆಕ್ಕ ಹೇಗೆ ಹಾಕಿದ್ದಾರೆ ಎಂಬುದನ್ನೂ ನೋಡಬೇಕು. 10 ಲಕ್ಷದ ಸೈಟು ಹತ್ತು ವರ್ಷಕ್ಕೆ 20 ಲಕ್ಷವಾಯಿತು, ಎರಡು ಪಟ್ಟು ಎನ್ನುತ್ತಾರೆ. ಚಕ್ರಬಡ್ಡಿಯಲ್ಲಿ ಅದು ವರ್ಷಕ್ಕೆ ಶೇಕಡಾ 7ರ ಆಸುಪಾಸು. ಕೊಳ್ಳುವಾಗ ನೋಂದಣಿಗೆ 75 ಸಾವಿರ ಹೋಗಿದೆ. ಮಾರುವಾಗ ನೂರಕ್ಕೆ ಎರಡರಂತೆ ದಲ್ಲಾಳಿಗೆ 40 ಸಾವಿರ. 2024ರ ಜುಲೈನಿಂದ ಬಂದ ನಿಯಮದಂತೆ ಲಾಭದ ಮೇಲೆ ಹನ್ನೆರಡೂವರೆ ಶೇಕಡಾ ತೆರಿಗೆ, ಅದು ಒಂದು ಲಕ್ಷಕ್ಕೂ ಮೇಲೆ. ಎಲ್ಲ ಕಳೆದರೆ ಕೈಗೆ ಉಳಿಯುವ ವೃದ್ಧಿ ವರ್ಷಕ್ಕೆ ಐದೂವರೆ ಶೇಕಡಾ. ಬ್ಯಾಂಕಿನ ಬಡ್ಡಿಗೂ ತೆರಿಗೆಯಿದೆ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದಾಗ ಠೇವಣಿಯನ್ನು ಅದೇ ದಿನ ಮುರಿಯಬಹುದು. ಕುಂದುರ್ಪಿ ರಸ್ತೆಯ ಸೈಟಿಗೆ ಗಿರಾಕಿ ಯಾವಾಗ ಸಿಗುತ್ತಾನೋ ಹೇಳುವವರಿಲ್ಲ. ಇಪ್ಪತ್ತು ವರ್ಷದಲ್ಲಿ ಹತ್ತು ಪಟ್ಟು ಎಂಬ ದೊಡ್ಡ ಮಾತೂ ಬಿಡಿಸಿ ನೋಡಿದರೆ ವರ್ಷಕ್ಕೆ ಶೇಕಡಾ 12ರಷ್ಟೇ. ಕೆಟ್ಟದ್ದಲ್ಲ, ಒಳ್ಳೆಯದೇ. ಆದರೆ ಪವಾಡವಲ್ಲ. ಈ ಖರ್ಚುಗಳನ್ನೆಲ್ಲ ಕಳೆದು ತೋರಿಸುವ ಪುಸ್ತಕವನ್ನು ಮನೆಗೆ ತನ್ನಿ.

ನೆಲವನ್ನು ಮಾರದೆಯೇ ಅದರಿಂದ ಆದಾಯ ಪಡೆದವರು ನಮ್ಮ ಪಕ್ಕದಲ್ಲೇ ಇದ್ದಾರೆ. ಕಲ್ಯಾಣದುರ್ಗಕ್ಕೂ ಮಡಕಶಿರಕ್ಕೂ ನೆರೆಯ ಪಾವಗಡ ತಾಲೂಕಿನ ತಿರುಮಣಿ, ವಳ್ಳೂರು ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇದೆ. ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರದಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರುವಂತೆ ಗುತ್ತಿಗೆಗೆ ಕೊಟ್ಟರು. ಮಳೆ ನಂಬಿ ಶೇಂಗಾ ಬಿತ್ತಿದವರಿಗೆ ಅದು ನಿಶ್ಚಿತ ವರಮಾನ. ಹೊಲವಿಲ್ಲದ ಕೂಲಿಯವರಿಗೆ ಮಾತ್ರ ಕಳೆ, ಕಟಾವಿನ ಕೆಲಸ ತಪ್ಪಿತು, ಕುರಿ ಮೇಯಿಸುವವರಿಗೆ ಬಯಲು ಇಲ್ಲದಾಯಿತು. ನೆಲದ ವ್ಯವಹಾರದಲ್ಲಿ ಯಾರು ಏನು ಕಳೆದುಕೊಂಡರು ಎಂದು ಕೇಳುವ ಒಂದೇ ಒಂದು ಅಧ್ಯಾಯವಾದರೂ ಈ ಪುಸ್ತಕಗಳಲ್ಲಿ ಇರಬೇಕಿತ್ತು. ಕೊಳ್ಳುವವನೊಬ್ಬನನ್ನು ಬಿಟ್ಟು ಮಾರುವ ರೈತ, ಪಾಲು ತಪ್ಪಿದ ಮಗಳು, ಕೂಲಿ ಕಳೆದುಕೊಂಡವಳು ಯಾರೂ ಅವುಗಳ ಪುಟಗಳಲ್ಲಿ ಬರುವುದಿಲ್ಲ.

ಆದ್ದರಿಂದ ಒಂದು ಬಿನ್ನಹ ಮಾಡಿ ಮುಗಿಸುತ್ತೇನೆ. ಗಡಿಯ ಈ ಕಡೆ ನೆಲ ಕೊಳ್ಳುವ, ಮಾರುವ ಕನ್ನಡಿಗರಿಗೆ ನೂರು ಪುಟದ ಒಂದು ಪುಸ್ತಕ ಬೇಕು. ಅದರಲ್ಲಿ ಅಡಂಗಲ್ಲಿನ, 1-ಬಿಯ, ಇ.ಸಿ.ಯ ನಿಜವಾದ ನಮೂನೆ ಅಚ್ಚಾಗಿರಬೇಕು, ಪ್ರತಿ ಕಾಲಮಿನ ಅರ್ಥ ಕನ್ನಡದಲ್ಲಿರಬೇಕು. 22-ಎ ಪಟ್ಟಿ ನೋಡುವ ಬಗೆ, ಡಿಕೆಟಿ ನೆಲದ ಗುರುತು, ಹೆಣ್ಣುಮಕ್ಕಳ ಪಾಲಿನ ತಾರೀಕುಗಳು, ಖರ್ಚು ಕಳೆದ ಲಾಭದ ಲೆಕ್ಕ ಇರಬೇಕು. ಕೈಸುಟ್ಟುಕೊಂಡವರ ಅನುಭವವೂ ಇರಬೇಕು. ಇದನ್ನು ಬರೆಯಬಲ್ಲವರು ನಮ್ಮಲ್ಲೇ ಇದ್ದಾರೆ. ಹಿಂದೂಪುರದ, ಕಲ್ಯಾಣದುರ್ಗದ ನೋಂದಣಿ ಕಚೇರಿಗಳ ಮುಂದೆ ಕೂತು ಬದುಕಿಡೀ ದಸ್ತಾವೇಜು ಬರೆದ ಹಿರಿಯರಿದ್ದಾರೆ, ನಿವೃತ್ತ ಸರ್ವೇಯರುಗಳು, ತಹಶೀಲ್ದಾರರು, ಎರಡೂ ಭಾಷೆ ಬಲ್ಲ ವಕೀಲರು ಇದ್ದಾರೆ. ನಿಮಗೆ ತಿಳಿದದ್ದನ್ನು ದಯವಿಟ್ಟು ಬರೆದಿಡಿ. ಕನ್ನಡದ ಪ್ರಕಾಶಕರು ಅದನ್ನು ಅಚ್ಚು ಹಾಕಲಿ, ಕಾನೂನು ಬದಲಾದಾಗಲೆಲ್ಲ ತಿದ್ದಿ ಮರುಮುದ್ರಿಸಲಿ. ಅಲ್ಲಿಯವರೆಗೆ, ಕೇಳುಗರೇ, ಯಾವ ಪುಸ್ತಕ ಎಷ್ಟೇ ಅವಸರಪಡಿಸಿದರೂ ಇ.ಸಿ. ತೆಗೆಸದೆ, 22-ಎ ಪಟ್ಟಿ ನೋಡದೆ, ಹೊಲದಲ್ಲಿ ನಿಂತು ಅಳೆಸದೆ ಮುಂಗಡ ಕೊಡಬೇಡಿ.